ಬಾಯ್ಲರಣ್ಣ ಓದಿ ಕಲಿತ ಫುಟ್‌ಬಾಲ್

ಫುಟ್‌ಬಾಲ್ ಬಗ್ಗೆ ತಿಳಿದುಕೊಳ್ಳಬೇಕು, ಯಾವ ಪುಸ್ತಕ ಓದಲಿ ಎಂದು ನಮ್ಮ ವಾಚನಾಲಯದ ಮೆಟ್ಟಿಲು ಹತ್ತಿ ಬರುವವರು ಈಗಲೂ ಇದ್ದಾರೆ. ಕಾಲೇಜಿನವರು ಕೇಳಿದರೆ ಪರೀಕ್ಷೆಗೋ ಎನ್ನುತ್ತೇನೆ. ಹೊಸದಾಗಿ ಮದುವೆಯಾದವಳು ಕೇಳಿದರೆ ಗಂಡನ ಜೊತೆ ಜಗಳಕ್ಕೋ ಎನ್ನುತ್ತೇನೆ. ಬರೀ ಆಟಕ್ಕೋಸ್ಕರ ಯಾರೂ ಓದುವುದಿಲ್ಲ, ಹಿಂದೆ ಇನ್ನೇನೋ ಇದ್ದೇ ಇರುತ್ತದೆ. ಬಾಯ್ಲರಣ್ಣನ ಓದಿನ ಹಿಂದೆ ಇದ್ದದ್ದು ಒಂದು ಬೆಂಚು.

ವಾಚನಾಲಯ ಅಂದರೆ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಕಾರ್ಮಿಕ ಸಂಘದ್ದು. ಮುಷ್ಕರಗಳ ಕಾಲದಲ್ಲಿ ಇಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪೋಸ್ಟರ್ ಅಂಟಿಸಲು ಕುದಿಸುತ್ತಿದ್ದ ಮೈದಾ ಗಂಜಿಯ ಹುಳಿ ವಾಸನೆ ಗೋಡೆಯಿಂದ ಇನ್ನೂ ಹೋಗಿಲ್ಲ. ಈಗ ಎರಡು ಕಬ್ಬಿಣದ ಬೀರು, ಒಂದು ಮೇಜು, ಮತ್ತು ನಾನು. ಬೀರುಗಳಲ್ಲಿ ಇರುವುದೆಲ್ಲ ನಮ್ಮ ಕಾಲದ ಸಿಟ್ಟಿನ ಪುಸ್ತಕಗಳು. ಕೆಳಗಿನ ಒಂದು ಖಾನೆ ಮಾತ್ರ ಫುಟ್‌ಬಾಲಿನದು. ಒಬ್ಬ ರೆಫರಿ ತೀರಿಕೊಂಡ ಮೇಲೆ ಅವನ ಹೆಂಡತಿ ಎರಡು ಗೋಣಿಚೀಲದಲ್ಲಿ ತಂದು ಸುರಿದು ಹೋದದ್ದು. ಇವಿಷ್ಟು ತೊಲಗಿದರೆ ಮನೆಯಲ್ಲಿ ಕಾಲು ಚಾಚಬಹುದು ಎಂದಿದ್ದಳು. ಆಮೇಲೆ ಆ ಖಾನೆಗೆ ಒಂದೂ ಹೊಸ ಪುಸ್ತಕ ಬಂದಿಲ್ಲ. ನಮಗೆಲ್ಲಿಂದ ಬರಬೇಕು?

ಬಾಯ್ಲರಣ್ಣ ಕೆಲಸ ಮಾಡುವುದು ನಮ್ಮ ರಸ್ತೆಯ ತುದಿಯ ಲಾಂಡ್ರಿ ಕಾರ್ಖಾನೆಯಲ್ಲಿ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಟವೆಲು, ಪರದೆ ಎಲ್ಲ ಲಾರಿಗಟ್ಟಲೆ ಬಂದು, ತೊಳೆದು, ಬಿಸಿ ಉರುಳೆಗಳ ನಡುವೆ ಒಣಗಿ, ಮಡಿಕೆಯಾಗಿ ಹೋಗುತ್ತವೆ. ಅಷ್ಟಕ್ಕೂ ಬೇಕಾದ ಹಬೆ ಹುಟ್ಟುವುದು ಹಿಂದಿನ ಗೋಡೆಯಾಚೆ ಬಾಯ್ಲರ್ ಕೋಣೆಯಲ್ಲಿ. ಅಲ್ಲಿ ಇವನೊಬ್ಬನೇ. ಗಾಜಿನ ಕೊಳವೆಯಲ್ಲಿ ನೀರು ಎಷ್ಟಿದೆ ನೋಡಬೇಕು, ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟದ ಹಾಗೆ ಕಾಯಬೇಕು. ಎಲ್ಲ ಸರಿಯಿದ್ದರೆ ಅವನಿದ್ದಾನೆ ಎಂಬುದೇ ಯಾರಿಗೂ ನೆನಪಾಗುವುದಿಲ್ಲ. ಗದ್ದಲದಲ್ಲಿ ದುಡಿದವರ ಹಾಗೆ ಮಾತು ಕಡಿಮೆ. ಆಡಿದರೆ ಎದುರು ಮನೆಯವರಿಗೂ ಕೇಳಬೇಕು, ಅಷ್ಟು ಜೋರು.

ಅವನ ಹೆಂಡತಿ ಅದೇ ಕಾರ್ಖಾನೆಯಲ್ಲಿ ಚಾದರ ಮಡಿಸುವ ಮೇಜಿನಲ್ಲಿದ್ದಳು. ಊಟದ ಗಂಟೆ ಹೊಡೆದರೆ ಸೀದಾ ಬಾಯ್ಲರ್ ಕೋಣೆಗೆ ಬರುತ್ತಿದ್ದಳು. ಹಬೆ ಕೊಳವೆಯ ಮೇಲೆ ಇಬ್ಬರ ಡಬ್ಬಿಗಳೂ ಬೆಚ್ಚಗಾಗಿರುತ್ತಿದ್ದವು. ಅವಳು ಮಾತಾಡುವುದು, ಇವನು ಉಣ್ಣುವುದು. ಯಾರ ಮಗಳು ಓಡಿಹೋದಳು, ಯಾವ ಹೋಟೆಲಿನ ಚಾದರದಲ್ಲಿ ಏನೇನು ಸಿಕ್ಕಿತು, ಮ್ಯಾನೇಜರನ ತಲೆಗೂದಲು ಅಸಲಿಯೋ ನಕಲಿಯೋ ಎಲ್ಲವೂ ಅವಳ ಬಾಯಿಂದಲೇ ಇವನಿಗೆ ಗೊತ್ತಾಗಬೇಕು. ಮಕ್ಕಳಿರಲಿಲ್ಲ. ಲೋಕದಲ್ಲಿ ಏನಾಗುತ್ತಿದೆ ಎಂದು ಹೇಳುವ ಒಂದೇ ಬಾಯಿ ಅದು. ಅವಳಿಗೆ ಶ್ವಾಸಕೋಶದ ಕಾಯಿಲೆ ಬಂತು, ಒಂದು ಚಳಿಗಾಲ ಕೆಮ್ಮಿದಳು, ಹೋದಳು. ಸಂಘದ ಕಡೆಯಿಂದ ಹೂವು ಒಯ್ದವನು ನಾನೇ. ಬಾಯ್ಲರಣ್ಣ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಓಡಾಡಿದ.

ಆಮೇಲೆ ಬಾಯ್ಲರ್ ಕೋಣೆಯಲ್ಲೇ ಒಬ್ಬನೇ ಉಣ್ಣುತ್ತಿದ್ದ. ಒಂದು ದಿನ ಯಾರೋ ಮಾತಾಡುವುದು ಕೇಳಿಸಿ ತಿರುಗಿ ನೋಡಿದರೆ ಯಾರೂ ಇಲ್ಲ, ತಾನೇ ಒತ್ತಡದ ಮುಳ್ಳಿಗೆ ಏನೋ ಹೇಳುತ್ತಿದ್ದಾನೆ. ಇನ್ನು ಇಲ್ಲಿದ್ದರೆ ತಲೆ ಕೆಡುತ್ತದೆ ಎಂದು ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಬಂದ.

ಅಂಗಳದಲ್ಲಿ ಎರಡು ಬೆಂಚು. ಗೋಡೆಗೆ ಆತುಕೊಂಡದ್ದು ಹಳದಿಯವರದು, ತಗಡಿನ ಚಾವಣಿ ಕೆಳಗಿನದು ನೀಲಿಯವರದು. ಊರಿನಲ್ಲಿ ಎರಡೇ ಫುಟ್‌ಬಾಲ್ ತಂಡ. ಒಂದಕ್ಕೆ ಹಳದಿ ಅಂಗಿ, ಇನ್ನೊಂದಕ್ಕೆ ನೀಲಿ. ನಾವು ಸಂಬಳಕ್ಕೆ ಗಲಾಟೆ ಮಾಡಿದಾಗಲೂ ಈ ಎರಡು ಬೆಂಚನ್ನು ಒಂದು ಮಾಡಲು ಆಗಲಿಲ್ಲ. ಮೆರವಣಿಗೆಯಲ್ಲೂ ಅವರು ರಸ್ತೆಯ ಆ ಬದಿ, ಇವರು ಈ ಬದಿ. ಯಾರು ಯಾವ ಬೆಂಚು ಎಂಬುದು ಅವರವರು ಆರಿಸಿಕೊಂಡದ್ದಲ್ಲ, ಅಪ್ಪಂದಿರಿಂದ ಬಂದದ್ದು. ಮೂಗು ಬಂದ ಹಾಗೆ.

ಹಳದಿ ಬೆಂಚಿನ ಯಜಮಾನ ಎಂದರೆ ಫಿಟ್ಟರ್. ಯಂತ್ರಗಳನ್ನು ಬಿಚ್ಚಿ ಜೋಡಿಸುವವನು, ಭಾರಿ ತೊಡೆಯ ಆಳು, ಎರಡು ಜನರ ಜಾಗ ಒಬ್ಬನೇ ಹಿಡಿಯುತ್ತಾನೆ. ಡಬ್ಬಿ ಹಿಡಿದು ನಿಂತ ಬಾಯ್ಲರಣ್ಣನನ್ನು ನೋಡಿ, “ನಿಮ್ಮಪ್ಪ ಯಾರ ಕಡೆ?” ಎಂದು ಕೇಳಿದ.

“ನಮ್ಮಪ್ಪ ಯಾವ ಕಡೆ ಹೋದ ಅಂತ್ಲೇ ಗೊತ್ತಿಲ್ಲ. ನಮ್ಮಮ್ಮನೂ ಹುಡುಕಿ ಸಾಕಾಗಿ ಬಿಟ್ಲು.”

ಎರಡು ಬೆಂಚೂ ನಕ್ಕವು. ನಿಜ ಹೇಳಿದ್ದಕ್ಕೆ ಜನ ಏಕೆ ನಗುತ್ತಾರೆ ಎಂದು ಅವನಿಗೆ ತಿಳಿಯಲಿಲ್ಲ. ನಕ್ಕರು, ಆದರೆ ಯಾರೂ ಸರಿದು ಕೂರಲಿಲ್ಲ. ನಲ್ಲಿಯ ಹತ್ತಿರ ನಿಂತುಕೊಂಡೇ ಉಂಡ. ಮರುದಿನವೂ ಹಾಗೇ.

ಆ ವಾರವೇ ನನ್ನಲ್ಲಿಗೆ ಬಂದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು, ಕೋಣೆ ನಡುಗುವ ಹಾಗೆ, “ಅಣ್ಣಾ, ಫುಟ್‌ಬಾಲ್ ಕಲೀಬೇಕು” ಎಂದ.

“ಈ ವಯಸ್ಸಲ್ಲಿ ಯಾಕಪ್ಪಾ? ಮಂಡಿ ಕೈಕೊಡುತ್ತೆ.”

“ಆಡೋಕಲ್ಲ. ಮಾತಾಡೋಕೆ.”

ಕೆಳಗಿನ ಖಾನೆ ತೆಗೆದೆ. ಮೊದಲು ಅವನ ಕೈಗೆ ಹೋದದ್ದು ನಿಯಮಗಳ ಪುಸ್ತಕ. ಅನುಭವದಿಂದ ಹೇಳುತ್ತೇನೆ, ಫುಟ್‌ಬಾಲ್ ಕಲಿಯುವವರು ಅದರಿಂದ ಶುರು ಮಾಡಬಾರದು. ಮದುವೆ ಆಗುವ ಮೊದಲು ವಿಚ್ಛೇದನದ ಕಾನೂನು ಓದಿದ ಹಾಗಾಗುತ್ತದೆ. ಅವನು ಶ್ರದ್ಧೆಯಿಂದ ಓದಿ ಬಂದ. ಆಫ್‌ಸೈಡ್ ಒಂದು ಬಿಟ್ಟು ಎಲ್ಲ ಅರ್ಥವಾಗಿತ್ತು. ಟೀ ಲೋಟಗಳನ್ನೂ ಇಂಕಿನ ಬಾಟಲಿಯನ್ನೂ ಮೇಜಿನ ಮೇಲಿಟ್ಟು ಸರಿಸುತ್ತಾ ನಾನು ವಿವರಿಸಿದೆ. ಅವನು ತಲೆಯಾಡಿಸಿದ. ನನಗೂ ಅದು ಪೂರ್ತಿ ಗೊತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು ಅನಿಸುತ್ತದೆ. ಮರ್ಯಾದೆಗೆ ಸುಮ್ಮನಾದ.

ಎರಡನೆಯದು ನಾನೇ ಹಟ ಹಿಡಿದು ಕೊಟ್ಟದ್ದು. ಕಾರ್ಮಿಕರ ಆಟವನ್ನು ದುಡ್ಡಿದ್ದವರು ಹೇಗೆ ನುಂಗಿದರು ಎಂದು ಒಬ್ಬ ನಮ್ಮಂಥವನೇ ಬರೆದ ದಪ್ಪ ಪುಸ್ತಕ. ಅರ್ಧಕ್ಕೇ ತಂದು ಮೇಜಿನ ಮೇಲಿಟ್ಟ. “ಇದ್ರಲ್ಲಿ ಯಾರೂ ಆಡೋದೇ ಇಲ್ವಲ್ಲಣ್ಣಾ, ಬರೀ ಮಾಲೀಕರೇ ಓಡಾಡ್ತಾರೆ.” ನನಗೆ ಸಿಟ್ಟು ಬಂತು. ಆಮೇಲೆ ತೆರೆದು ನೋಡಿದೆ. ಹೌದು, ಚೆಂಡು ಎಲ್ಲೂ ಇಲ್ಲ.

ಅವನಿಗೆ ಹಿಡಿಸಿದ್ದು ಒಬ್ಬ ಗೋಲ್‌ಕೀಪರ್ ಮುದುಕನಾದ ಮೇಲೆ ಬರೆದ ಆತ್ಮಕಥೆ. ತೆಳ್ಳನೆಯದು, ರಟ್ಟು ಕಿತ್ತುಹೋದದ್ದು. ನನ್ನನ್ನು ಕೇಳಿದರೆ ಫುಟ್‌ಬಾಲ್ ತಿಳಿಯಬೇಕೆನ್ನುವವರು ಮೊದಲು ಓದಬೇಕಾದ್ದು ಇಂಥದ್ದನ್ನೇ. ಗೋಲು ಹೊಡೆದವರು ಬರೆದ ಪುಸ್ತಕಗಳಲ್ಲಿ ಬರೀ ಹೊಗಳಿಕೆ. ಗೋಲು ಬಿಟ್ಟವನಿಗೆ ಮಾತ್ರ ಹೇಳಲು ಏನಾದರೂ ಇರುತ್ತದೆ. ಹನ್ನೊಂದು ಜನರಲ್ಲಿ ಒಬ್ಬ, ಆದರೆ ಬೇರೆ ಬಣ್ಣದ ಅಂಗಿ. ಆಟವೆಲ್ಲ ದೂರದಲ್ಲಿ ನಡೆಯುತ್ತಿರುತ್ತದೆ. ಇವನು ಕಂಬಗಳ ನಡುವೆ ನಿಂತು ಕಾಯಬೇಕು. ಏನೂ ಆಗದಿದ್ದರೆ ಇವನನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲ ಇವನ ಮೇಲೇ. ಬಾಯ್ಲರಣ್ಣ ಅದನ್ನು ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. “ಇದು ನನ್ನ ಕೆಲಸಾನೇ” ಎಂದ. ವಾಪಸ್ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಓದಿದ್ದು ಸದಾ ಸೋಲುವ ಒಂದು ತಂಡದ ಹಿಂದೆ ಊರೂರು ತಿರುಗಿದ ಅಭಿಮಾನಿಯೊಬ್ಬನ ಪುಸ್ತಕ. ಆಟಕ್ಕಿಂತ ಹೆಚ್ಚು ಬಸ್ಸು, ಮಳೆ, ಪೆಟ್ಟು ತಿಂದದ್ದೇ ಅದರಲ್ಲಿದೆ. ಜನ ಫುಟ್‌ಬಾಲಿನಿಂದ ಏನು ಪಡೆಯುತ್ತಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯದು ನಮ್ಮಲ್ಲಿ ಇಲ್ಲ. ಕೊನೆಯದು ನಮ್ಮೂರಿನ ಎರಡು ತಂಡಗಳ ಚರಿತ್ರೆ, ನಿವೃತ್ತ ಮೇಷ್ಟರೊಬ್ಬರು ಬರೆದದ್ದು. ಅದರ ಕೊನೆಯ ಪುಟದಲ್ಲಿ ಕ್ರೀಡಾಂಗಣದ ನಕ್ಷೆ ಇದೆ. ಯಾವ ಬಾಗಿಲು ಎಲ್ಲಿ, ಯಾರು ಎಲ್ಲಿ ನಿಲ್ಲುತ್ತಾರೆ ಎಲ್ಲ ಗೆರೆ ಎಳೆದು ತೋರಿಸಿದ್ದಾರೆ. ದೊಡ್ಡ ಗಡಿಯಾರದ ಕೆಳಗಿನ ಮೆಟ್ಟಿಲುಗಳು ಹಳದಿಯವರವು.

ಹೀಗೆ ಓದುತ್ತಿರುವಾಗ ಒಂದು ಸೋಮವಾರ ಹಳದಿ ಬೆಂಚು ತನ್ನ ಗೋಲ್‌ಕೀಪರನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿತ್ತು. ಹಿಂದಿನ ದಿನ ಕೊನೆ ಗಳಿಗೆಯಲ್ಲಿ ಕೈಗೆ ಬಂದ ಚೆಂಡು ಬಿಟ್ಟಿದ್ದನಂತೆ. ನಲ್ಲಿಯ ಹತ್ತಿರ ನಿಂತಿದ್ದ ಬಾಯ್ಲರಣ್ಣನ ಗಂಟಲು ಇಡೀ ಅಂಗಳಕ್ಕೆ ಕೇಳಿಸಿತು.

“ಅಷ್ಟು ಹೊತ್ತು ಅವನ ಹತ್ರ ಚೆಂಡೇ ಬಂದಿರ್ಲಿಲ್ಲ. ಸುಮ್ನೆ ನಿಂತವನಿಗೆ ಮೈ ಆರಿಹೋಗುತ್ತೆ. ಮೈ ಆರಿದ ಮೇಲೆ ಬರೋ ಚೆಂಡು ಎರಡರಷ್ಟು ಭಾರ ಇರುತ್ತೆ.”

ಫಿಟ್ಟರ್ ಅಗಿಯುವುದನ್ನು ನಿಲ್ಲಿಸಿ ನೋಡಿದ. ಆಮೇಲೆ ತೊಡೆ ಸರಿಸಿದ. ಬೆಂಚಿನಲ್ಲಿ ಒಂದು ಗೇಣು ಹಲಗೆ ಕಾಣಿಸಿತು. “ಬಾರಪ್ಪಾ, ಕೂತ್ಕೋ. ನಮ್ಮ ಕೀಪರ್ ಪರವಾಗಿ ಮಾತಾಡೋಕೆ ನೀನಾದ್ರೂ ಒಬ್ಬ ಇದೀಯ.”

ಹಳದಿ ಕೀಪರನ ಪರ ಮಾತಾಡಿದವನು ಹಳದಿಯವನೇ ಅಂತಾಯಿತು. ಹಾಗೆ ಬಾಯ್ಲರಣ್ಣ ಪಕ್ಷ ಸೇರಿದ. ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಒಳಗೆ, ಅರ್ಧ ಹೊರಗೆ. ಆದರೂ ಅವನ ಮುಖ ನೋಡಬೇಕಿತ್ತು. ವಾಚನಾಲಯಕ್ಕೆ ಬಂದು ಬೆಂಚಿನ ಮೇಲೆ ಯಾರು ಏನಂದರು ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ಹೆಂಡತಿ ಅವನಿಗೆ ಹೇಳುತ್ತಿದ್ದ ಹಾಗೆ.

ಬೆಂಚಿನ ಮೇಲೆ ಕೂತ ಮೇಲೆ ಏನಾದರೂ ಹೇಳಲೇಬೇಕಲ್ಲ. ವಯಸ್ಸಿನಲ್ಲಿ ಪ್ರತಿ ಪಂದ್ಯಕ್ಕೂ ಹೋಗುತ್ತಿದ್ದೆ, ಗಡಿಯಾರದ ಕೆಳಗೆ ನಿಂತು ನೋಡುತ್ತಿದ್ದೆ ಎಂದು ಒಂದು ದಿನ ಬುರುಡೆ ಬಿಟ್ಟ. ಫಿಟ್ಟರನ ಕಣ್ಣು ಅರಳಿತು. ಅವನಪ್ಪನೂ ಅಲ್ಲೇ ನಿಲ್ಲುತ್ತಿದ್ದನಂತೆ. ಅಂದಿನಿಂದ ಅರ್ಧ ಕುಂಡೆಯ ಜಾಗ ಪೂರ್ತಿಯಾಯಿತು. ಕ್ರೀಡಾಂಗಣದ ಗೇಟನ್ನೂ ದಾಟದವನು ಪುಸ್ತಕದಲ್ಲಿದ್ದ ಹಳೆಯ ಗೋಲುಗಳನ್ನು ಕಣ್ಣಾರೆ ಕಂಡ ಹಾಗೆ ಹೇಳತೊಡಗಿದ.

ಅವನ ನಾದಿನಿ, ಹೆಂಡತಿಯ ತಂಗಿ, ಅದೇ ಮಡಿಸುವ ಮೇಜಿನಲ್ಲಿದ್ದಾಳೆ. ಬಾಯಿ ಅಕ್ಕನದೇ. ಒಂದು ಸಂಜೆ ಗೇಟಿನ ಹತ್ತಿರ ಅವನನ್ನು ಹಿಡಿದಳು. “ಅಲ್ಲ ಭಾವ, ನೀವು ಯಾವ ಕಾಲದಲ್ಲಿ ಮ್ಯಾಚ್ ನೋಡಿದ್ರಿ? ಅಕ್ಕನ್ನ ಒಂದು ಸಿನಿಮಾಗೂ ಕರ್ಕೊಂಡು ಹೋದವರಲ್ಲ.”

“ಬಾಯಿ ಮುಚ್ಕೊಂಡಿರು ತಾಯಿ, ಪುಣ್ಯ ಬರುತ್ತೆ.”

“ನಾನ್ಯಾಕೆ ಹೇಳಲಿ. ಅಕ್ಕ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ಲು” ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಹಳದಿಗೂ ನೀಲಿಗೂ ನೇರ ಪಂದ್ಯ ಬಂತು. ಅದಕ್ಕೆ ಇಡೀ ಕಾರ್ಖಾನೆ ಹೋಗುತ್ತದೆ. ಭಾನುವಾರ ಬಂದುಬಿಡು, ನಮ್ಮವರೆಲ್ಲ ಇರುತ್ತಾರೆ ಎಂದ ಫಿಟ್ಟರ್. ಎಲ್ಲಿ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಹೇಳಿದ ಕಥೆಗಳೆಲ್ಲ ಬಯಲಾಗುತ್ತಿದ್ದವು. ಶನಿವಾರ ಬಂದು ನಕ್ಷೆ ಇನ್ನೊಮ್ಮೆ ನೋಡಿದ. ನಾನೂ ನೋಡಿದೆ. ಗಡಿಯಾರ, ಅದರ ಕೆಳಗೆ ಹಳದಿ, ಯಾವ ಅನುಮಾನವೂ ಇಲ್ಲ. ನಾನು ಆ ಮೈದಾನಕ್ಕೆ ಹೋದದ್ದು ಭಾಷಣ ಮಾಡಲು, ಅದೂ ಯಾವ ಕಾಲದಲ್ಲೋ.

ಹೋಟೆಲಿನಿಂದ ಬಂದ ಹರಿದ ಹಳದಿ ಪರದೆಯ ಒಂದು ತುಂಡು ಅವನಿಗೆ ಸಿಕ್ಕಿತ್ತು. ನಾದಿನಿ ಅಂಚು ಹೊಲಿದು ಕೊರಳಿಗೆ ಸುತ್ತುವ ಹಾಗೆ ಮಾಡಿಕೊಟ್ಟಳು. ಅದನ್ನು ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡ. ಒಳಗೆ ಹೋಗುವವರೆಗೂ ರಸ್ತೆಯಲ್ಲಿ ಬಣ್ಣ ತೋರಿಸಬಾರದು ಎಂದು ಆ ಸೋಲುವ ತಂಡದ ಅಭಿಮಾನಿ ಬರೆದಿದ್ದನಲ್ಲ.

ಭಾನುವಾರ ಸಂಜೆ ನಾನು ಬೀಗ ಹಾಕುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದ. ನಡೆದದ್ದನ್ನು ಅವನೇ ಹೇಳಿದ.

ಮುಂಚೆಯೇ ಹೋಗಿ ಗಡಿಯಾರದ ಕೆಳಗೆ ಒಳ್ಳೆಯ ಜಾಗ ಹಿಡಿದಿದ್ದ. ಗಡಿಯಾರ ಕೆಟ್ಟು ನಿಂತಿತ್ತು, ಆದರೆ ಇತ್ತು. ಚಳಿಯಿತ್ತು, ಎಲ್ಲರೂ ಕೋಟು ಹಾಕಿಕೊಂಡಿದ್ದರು. ಫಿಟ್ಟರ್ ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಮೆಟ್ಟಿಲ ಕಡೆ ನೋಡುತ್ತಾ ಕಾದ. ಜನ ತುಂಬಿದರು, ಬಿಸಿಲು ಏರಿತು, ಒಬ್ಬೊಬ್ಬರಾಗಿ ಕೋಟು ಬಿಚ್ಚಿದರು. ಎಲ್ಲ ಕೋಟುಗಳ ಒಳಗೂ ನೀಲಿ. ತಲೆಯೆತ್ತಿ ನೋಡಿದರೆ ಮೈದಾನದ ಆಚೆ, ಹೊಸ ಚಾವಣಿಯ ಕೆಳಗೆ, ಸಾಸಿವೆ ಹೂವಿನ ಗದ್ದೆಯ ಹಾಗೆ ಹಳದಿ ಹಬ್ಬಿತ್ತು. ಮೇಷ್ಟರ ಪುಸ್ತಕ ಬಂದ ಮೇಲೆ ಯಾವಾಗಲೋ ಎರಡು ಕಡೆಯವರೂ ಜಾಗ ಬದಲಾಯಿಸಿಕೊಂಡಿದ್ದರು. ಊರಿಗೆಲ್ಲ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ಹೊರಗೆ ಹೋಗಲು ದಾರಿಯಿರಲಿಲ್ಲ. ಜೇಬಿನಲ್ಲಿದ್ದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅದರ ತುದಿ ಹೊರಗೆ ಕಂಡಿದ್ದರೆ ಹಲ್ಲು ಉಳಿಯುತ್ತಿರಲಿಲ್ಲ.

“ಆಮೇಲೆ ನೀಲಿಯವರು ಗೋಲು ಹೊಡೆದ್ರು. ಪಕ್ಕದಲ್ಲಿ ಒಬ್ಬ ದಪ್ಪಗಿನವನು ಇದ್ದ, ಗ್ರೀಸ್ ವಾಸನೆ. ತಿರುಗಿ ನನ್ನ ತಬ್ಕೊಂಡ. ತಬ್ಕೊಂಡು ಮೇಲೆತ್ತಿಬಿಟ್ಟ. ಕಾಲು ನೆಲದಲ್ಲಿರಲಿಲ್ಲ ಅಣ್ಣಾ.”

“ನೀನೇನ್ಮಾಡಿದೆ?”

“ಕೂಗಿದೆ.”

“ಏನಂತ?”

“ಗೊತ್ತಿಲ್ಲ. ಬಾಯಿ ತೆರೆದಿತ್ತು, ಶಬ್ದ ಬಂತು. ನಿಲ್ಲಿಸೋಕೆ ಆಗ್ಲಿಲ್ಲ.”

ಹೆಂಡತಿ ಹೋದ ಮೇಲೆ ಅವನನ್ನು ಯಾರೂ ಮುಟ್ಟಿರಲಿಲ್ಲ. ಕೈ ಕುಲುಕಿದ್ದು ಬಿಟ್ಟರೆ ನಾನೂ ಮುಟ್ಟಿರಲಿಲ್ಲ. ಅದನ್ನೇನೂ ಅವನು ಹೇಳಲಿಲ್ಲ. ನಾಳೆ ಬೆಂಚಿನಲ್ಲಿ ಏನು ಹೇಳಲಿ ಎಂದು ಮಾತ್ರ ಕೇಳಿದ. ಅದಕ್ಕೇನು, ಕಾಲು ನೋವು, ಮನೆಯಲ್ಲಿದ್ದೆ ಅನ್ನು ಎಂದೆ. ಪೊಲೀಸರ ಮುಂದೆ ನಾನು ಹೇಳಿರುವ ಸುಳ್ಳುಗಳನ್ನು ಬರೆದಿದ್ದರೆ ಮೂರನೇ ಬೀರು ಬೇಕಾಗುತ್ತಿತ್ತು. ಒಂದು ಬೆಂಚಿಗೆ ಒಂದು ಸಣ್ಣ ಸುಳ್ಳು ಹೇಳಲು ಏನು ಧಾಡಿ? ಅವನು ತಲೆಯಾಡಿಸಿ ಹೋದ.

ಸೋಮವಾರ ಅಂಗಳದಲ್ಲಿ ನಡೆದದ್ದನ್ನು ಹೇಳಿದವಳು ನಾದಿನಿ. ಹಳದಿಯವರು ಸೋತಿದ್ದರಿಂದ ಬೆಂಚು ಮಂಕಾಗಿತ್ತು. ಆದರೂ ಫಿಟ್ಟರ್ ಇವನಿಗೆ ಜಾಗ ಹಿಡಿದಿಟ್ಟಿದ್ದ. ನಿನ್ನೆ ಕಾಣಲೇ ಇಲ್ಲವಲ್ಲ ಎಂದ.

“ನಾನು ಗಡಿಯಾರದ ಕೆಳಗಿದ್ದೆ.”

“ಅಲ್ಲಿರೋದು ನೀಲಿಯವರಲ್ವಾ?”

“ನನಗೆ ಗೊತ್ತಿರ್ಲಿಲ್ಲ. ನಾನು ಯಾವತ್ತೂ ಒಂದು ಮ್ಯಾಚೂ ನೋಡಿದವನಲ್ಲ. ಇಷ್ಟು ದಿನ ಹೇಳಿದ್ದೆಲ್ಲ ಪುಸ್ತಕದಲ್ಲಿ ಓದಿದ್ದು.”

ಫಿಟ್ಟರ್ ನಕ್ಕ ನಗೆಗೆ ಡಬ್ಬಿಯೇ ಮಗುಚಿ ಬಿತ್ತಂತೆ. ಬೆಂಚೆಲ್ಲ ಬಿದ್ದು ಬಿದ್ದು ನಕ್ಕಿತು. ಸೋತ ಬೇಸರವೂ ಹಾರಿಹೋಯಿತು. ಫಿಟ್ಟರ್ ಕಣ್ಣೊರೆಸಿಕೊಂಡು ಇವನ ಬೆನ್ನಿಗೆ ಗುದ್ದಿದ. ಕ್ಷಮಿಸಿಯಾಗಿತ್ತು. ಮುಂದಿನ ಹತ್ತು ವರ್ಷ ಹೇಳಿಕೊಂಡು ನಗುವಂಥ ಕಥೆ ಸಿಕ್ಕಿತ್ತು ಅವರಿಗೆ. ಅಂಥ ಕಥೆ ಕೊಟ್ಟವನನ್ನು ಯಾರೂ ಬೆಂಚಿನಿಂದ ಇಳಿಸುವುದಿಲ್ಲ.

“ಪಾಪ, ಆ ನೀಲಿ ಮುಂಡೇವು ಗೋಲು ಹೊಡೆದಾಗ ಅವರ ಮಧ್ಯೆ ನಿಂತು ಎಷ್ಟು ಹೊಟ್ಟೆ ಉರಿದಿರ್ಬೇಕು ನಿಂಗೆ” ಎಂದ ಫಿಟ್ಟರ್.

ಇಲ್ಲಿ ಹೂಂ ಅಂದಿದ್ದರೆ ಸಾಕಿತ್ತು. ಅನ್ನುತ್ತಾನೆ ಎಂದೇ ನಾದಿನಿಯೂ ಅಂದುಕೊಂಡಿದ್ದಳು.

“ಇಲ್ಲ” ಎಂದ ಬಾಯ್ಲರಣ್ಣ. “ನಾನೂ ಕೂಗಿದೆ. ನಂಗೆ ಖುಷಿಯಾಯ್ತು.”

ಯಾರೂ ಬೈಯಲಿಲ್ಲ, ಎದ್ದು ಹೋಗು ಎನ್ನಲಿಲ್ಲ. ಫಿಟ್ಟರ್ ಬಿದ್ದ ಡಬ್ಬಿ ಎತ್ತಿಕೊಂಡ, ಒರೆಸಿದ, ಮುಚ್ಚಳ ಹಾಕಿದ. ಮರುದಿನ ಬಾಯ್ಲರಣ್ಣ ಬಂದಾಗ ಫಿಟ್ಟರನ ತೊಡೆ ಮೊದಲಿನಷ್ಟೇ ಅಗಲವಾಗಿತ್ತು. ಮರದ ಹಲಗೆ ಎಲ್ಲೂ ಕಾಣುತ್ತಿರಲಿಲ್ಲ. ನೀಲಿ ಬೆಂಚಿನಿಂದ ಇಸ್ತ್ರಿ ಉರುಳೆಯವನು, ಇಷ್ಟು ದಿನ ಆ ಕಡೆ ಉಂಡವನಿಗೆ ಇಲ್ಲಿ ಅಜೀರ್ಣ ಆಗುತ್ತದೆ ಎಂದು ತಮಾಷೆ ಮಾಡಿದ. ಆದರೆ ಅವನೂ ಸರಿಯಲಿಲ್ಲ. ಬಾಯ್ಲರಣ್ಣ ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಬಾಯ್ಲರ್ ಕೋಣೆಗೆ ವಾಪಸ್ ಹೋದ.

ನಾನು ರೇಗಿದೆ. ಹೇಳಿಕೊಟ್ಟ ಸುಳ್ಳು ಹೇಳಲಿಲ್ಲ, ಹೋಗಲಿ. ಫಿಟ್ಟರೇ ದಾರಿ ತೆರೆದುಕೊಟ್ಟಾಗ ಬಾಯಿ ಮುಚ್ಚಿಕೊಂಡಿರಲು ಏನಾಗಿತ್ತು ಎಂದು ಕೇಳಿದೆ.

“ಆ ಬೆಂಚಲ್ಲಿ ಕೂತು ಆಡಿದ ಮಾತೆಲ್ಲ ಯಾರ್ಯಾರದೋ ಅಣ್ಣಾ” ಎಂದ. “ಕೂಗಿದ್ದೊಂದು ನಂದು. ಅದನ್ನೂ ಇಲ್ಲ ಅನ್ನೋಕೆ ಆಗ್ಲಿಲ್ಲ.”

ಈಗಲೂ ಪಂದ್ಯವಿದ್ದ ಭಾನುವಾರ ಹೋಗುತ್ತಾನೆ. ಗಡಿಯಾರದ ಕೆಳಗೆ, ಅದೇ ಮೆಟ್ಟಿಲು. ನೀಲಿ ಅಂಗಿ ಕೊಂಡಿಲ್ಲ, ಹಳದಿ ಬಟ್ಟೆಯನ್ನು ನಾದಿನಿಗೆ ವಾಪಸ್ ಕೊಟ್ಟ. ಗ್ರೀಸ್ ವಾಸನೆಯ ಆ ಮನುಷ್ಯ ಮತ್ತೆ ಸಿಗಲಿಲ್ಲ. ಬೇರೆ ಊರಿನಿಂದ ಒಂದು ದಿನಕ್ಕೆ ಬಂದವನಿರಬೇಕು. ಗೋಲುಗಳು ಆಗುತ್ತವೆ. ಅಕ್ಕಪಕ್ಕದವರು ತಮ್ಮ ತಮ್ಮವರನ್ನು ತಬ್ಬಿಕೊಳ್ಳುತ್ತಾರೆ. ಇವನು ಕೈ ಕೆಳಗೆ ಬಿಟ್ಟು ನಿಂತಿರುತ್ತಾನೆ. ನೀಲಿಯವರ ಗೋಲ್‌ಕೀಪರ್ ಹೇಗೆ ನಿಂತಿದ್ದ, ಯಾವ ಕಾಲಿನ ಮೇಲೆ ಭಾರ ಹಾಕಿದ್ದ ಎಂದು ಸಂಜೆ ನನಗೆ ಬಂದು ಹೇಳುತ್ತಾನೆ. ಈಗ ಹೇಳುವುದರಲ್ಲಿ ಪುಸ್ತಕದ್ದು ಒಂದೂ ಇಲ್ಲ. ನಾನು ಕೇಳುತ್ತೇನೆ. ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೆ, ಅದು ಅವನಿಗೂ ಗೊತ್ತು.

ಹೋದ ತಿಂಗಳು ಮೇಷ್ಟರ ಚರಿತ್ರೆಯನ್ನು ಹೊರತೆಗೆದೆ. ಕೊನೆಯ ಪುಟದ ನಕ್ಷೆಯಲ್ಲಿ ಹಳದಿ, ನೀಲಿ ಎಂದಿದ್ದ ಕಡೆ ಪೆನ್ಸಿಲ್ಲಿನಲ್ಲಿ ತಿದ್ದಲು ಹೊರಟೆ. ಇನ್ನೊಬ್ಬ ಅಮಾಯಕ ಬಂದು ಮೋಸ ಹೋಗುವುದು ಬೇಡ ಎಂದು. ಬಾಯ್ಲರಣ್ಣ ಎದುರಿಗೇ ಕೂತಿದ್ದ. ಪುಸ್ತಕದ ಮೇಲೆ ಅಂಗೈ ಇಟ್ಟ.

“ಇರ್ಲಿ ಬಿಡಿ ಅಣ್ಣಾ.”

“ಯಾಕೆ?”

“ಯಾರಾದ್ರೂ ಓದ್ಕೊಂಡು ಬಂದ್ರೂ ಬರಬಹುದು. ನಾನು ಅಲ್ಲೇ ಇರ್ತೀನಲ್ಲ.”

ಪೆನ್ಸಿಲ್ ಕೆಳಗಿಟ್ಟೆ. ಈಗ ಯಾವ ಪುಸ್ತಕ ಓದಲಿ ಎಂದು ಯಾರೇ ಕೇಳಲಿ, ಮೊದಲು ಅದನ್ನೇ ಕೊಡುತ್ತೇನೆ. ಆದರೆ ಮೇಷ್ಟರು ಬರೆದದ್ದು ದಪ್ಪ ಪುಸ್ತಕ. ಕೊನೆಯ ಪುಟದವರೆಗೆ ಹೋಗುವವರು ಕಡಿಮೆ.